ಹಸಿರು ಗೆರೆ ಅಳಿಸುವ ಅಕ್ಕ

ಬೆಳಿಗ್ಗೆ ಆರೂ ಕಾಲು. ಆಸ್ಪತ್ರೆಯ ವ್ಯಾಯಾಮದ ಹಾಲ್‌ನಲ್ಲಿ ಇನ್ನೂ ಅರ್ಧ ದೀಪಗಳಷ್ಟೇ ಉರಿಯುತ್ತಿವೆ. ಮೂಲೆಯಲ್ಲಿ, ದೊಡ್ಡ ಪರದೆಯ ಮುಂದಿನ ಸೀಟಿನಲ್ಲಿ ಐವತ್ತೊಂದು ದಾಟಿದ ಹೆಂಗಸೊಬ್ಬರು ತಮ್ಮ ಬಲಗೈಯನ್ನು ಟವೆಲ್‌ನಿಂದ ಹೊಟ್ಟೆಗೆ ಬಿಗಿದುಕೊಂಡು ಕೂತಿದ್ದಾರೆ. ಎಡಗೈಯೊಂದರಲ್ಲೇ ಸ್ಟೀರಿಂಗ್ ತಿರುಗಿಸುತ್ತಾ ಪರದೆಯ ಮೇಲಿನ ರೇಸ್ ಕಾರು ಓಡಿಸುತ್ತಿದ್ದಾರೆ. ನಾಲ್ಕನೇ ತಿರುವಿನಲ್ಲಿ ಕಾರು ಹುಲ್ಲಿಗಿಳಿಯುತ್ತದೆ.

"ನೋಡಿ, ಇಲ್ಲಿ ಭಾರ ಆಯ್ತು. ನನಗೇ ಹೀಗಾದ್ರೆ ಎಂಟು ಗಂಟೆಗೆ ಬರೋ, ಬಲಗೈ ಸೋತ ಟೈಲರಮ್ಮನ ಗತಿ ಏನು?" ಎನ್ನುತ್ತಾ ಅವರು ಸ್ಟೀರಿಂಗ್‌ನ ಬಿಗಿಯನ್ನು ಎರಡಂಕ ಇಳಿಸುತ್ತಾರೆ.

ಎಲ್ಲರ ಬಾಯಲ್ಲೂ ಇವರು 'ಸ್ಟೀರಿಂಗ್ ಅಕ್ಕ'. ಪಾರ್ಶ್ವವಾಯು ಬಡಿದು ಕೈಕಾಲು ಸೋತವರಿಗೆ ರೇಸಿಂಗ್ ಆಟ ಆಡಿಸುವುದು ಕೆಲಸ. ದಿನಕ್ಕೆ ಏಳು ಜನ, ತಲಾ ಇಪ್ಪತ್ತೈದು ನಿಮಿಷ. "ಏನ್ ಕೆಲಸ ಅಂತ ನೆಂಟರು ಕೇಳ್ತಾರೆ. ಆಟ ಆಡಿಸ್ತೀನಿ ಅಂದ್ರೆ ಮಾತೇ ಬದಲಾಯಿಸ್ತಾರೆ," ಎಂದು ನಗುತ್ತಾರೆ.

ಈ ಆಟದಲ್ಲಿ ಹೊಸಬರಿಗೆ ಕೆಲವು ನೆರವುಗಳಿವೆ. ಕಾರು ಎಲ್ಲಿ ಸಾಗಬೇಕೆಂದು ತೋರಿಸಲು ರಸ್ತೆಯ ಮೇಲೆ ಗೆರೆಯೊಂದು ಮೂಡುತ್ತದೆ. ಹಸಿರಿದ್ದರೆ ಸರಾಗ ಹೋಗಬಹುದು, ಹಳದಿಗೆ ತಿರುಗಿದರೆ ಕಾಲು ಸಡಿಲಿಸಬೇಕು, ಕೆಂಪಾದರೆ ಬ್ರೇಕ್ ಒತ್ತಬೇಕು. ಬೇಕೆಂದರೆ ಆಟವೇ ಬ್ರೇಕ್ ಹಾಕುತ್ತದೆ, ಗೇರ್ ಬದಲಿಸುತ್ತದೆ, ಚಕ್ರ ಜಾರದಂತೆ ನೋಡಿಕೊಳ್ಳುತ್ತದೆ. ಯಾರಿಗೆ ಯಾವ ನೆರವು, ಅದನ್ನು ಯಾವಾಗ ತೆಗೆಯಬೇಕು ಎಂಬುದರಲ್ಲೇ ಅಕ್ಕನ ವಿದ್ಯೆಯೆಲ್ಲ ಇದೆ.

ಅದನ್ನು ಕಲಿಸಿದ್ದು ಗಂಡನ ಮುನಿಸು. ಇಪ್ಪತ್ತಾರು ವರ್ಷ ಲಾರಿ ಓಡಿಸಿದ ಮನುಷ್ಯ ಒಂದು ಮುಂಜಾನೆ ಹಲ್ಲುಜ್ಜುತ್ತಲೇ ಕುಸಿದುಬಿದ್ದರು. ಎಡಗೈ ಎಡಗಾಲು ಎರಡೂ ಹೋದವು. ಇದೇ ಹಾಲ್‌ನಲ್ಲಿ ರಬ್ಬರ್ ಚೆಂಡು ಹಿಸುಕಲು ಕೊಟ್ಟರೆ, "ನಾನೇನು ಮಗುನಾ?" ಎಂದು ಎಸೆಯುತ್ತಿದ್ದರು. ಅವರ ಕಣ್ಣು ಮೂಲೆಯಲ್ಲಿ ಬಟ್ಟೆ ಹೊದ್ದಿದ್ದ ಸ್ಟೀರಿಂಗ್ ಮೇಲಿತ್ತು. ಯಾರೋ ದಾನ ಕೊಟ್ಟ ಯಂತ್ರ, ನಡೆಸಲು ಯಾರಿಗೂ ಬಾರದು. ವ್ಯಾಯಾಮದ ಡಾಕ್ಟರ್ ಅನುಮತಿ ಕೊಟ್ಟರು. ಅಕ್ಕ ಗುಂಡಿಗಳನ್ನೆಲ್ಲ ಒತ್ತಿ ನೋಡುತ್ತಾ, ಇದ್ದಬದ್ದ ನೆರವನ್ನೆಲ್ಲ ಹಚ್ಚಿಕೊಟ್ಟರು. ಗಂಡ ಮೊದಲ ದಿನವೇ ಒಂದು ಸುತ್ತು ಮುಗಿಸಿ ಕಣ್ಣು ತುಂಬಿಕೊಂಡರು.

ಮೂರು ವಾರಕ್ಕೆ ಅಕ್ಕನಿಗೆ ಆಸೆ ಹೆಚ್ಚಾಯಿತು. ಅವರಿಗೆ ಹೇಳದೆಯೇ ಎಲ್ಲ ನೆರವನ್ನೂ ಒಟ್ಟಿಗೆ ತೆಗೆದುಬಿಟ್ಟರು. ಕಾರು ಗಿರ್ರನೆ ಸುತ್ತಿ ಗೋಡೆಗೆ ಬಡಿಯಿತು. ಮತ್ತೊಮ್ಮೆ, ಮಗದೊಮ್ಮೆ ಹಾಗೇ ಆಯಿತು. "ನನ್ನ ಕೈಲಿ ಇನ್ನೇನೂ ಆಗಲ್ಲ ಬಿಡು," ಎಂದವರು ಒಂಬತ್ತು ದಿನ ಹಾಸಿಗೆ ಬಿಟ್ಟೇಳಲಿಲ್ಲ.

"ಕಾರಣ ನಾನು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಹತ್ತನೇ ದಿನ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. 'ಹಂಗಾದ್ರೆ ತಪ್ಪು ನನ್ ಕೈದಲ್ಲ ಅನ್ನು!' ಅಂತ ಎದ್ದು ಕೂತ್ರು!"

ಅಂದಿನಿಂದ ಅಕ್ಕ ಒಂದು ಸಲಕ್ಕೆ ಒಂದೇ ನೆರವು ತೆಗೆಯುತ್ತಾರೆ, ಅದೂ ಹೇಳಿ, ಕೇಳಿ. ಗೆರೆಯನ್ನು ಮೊದಲು ನೇರ ರಸ್ತೆಯಲ್ಲಿ ಅಳಿಸಿ, ತಿರುವಿನಲ್ಲಷ್ಟೇ ಉಳಿಸುತ್ತಾರೆ. ಪೂರ್ತಿ ಅಳಿಸುವುದು ಎಲ್ಲಕ್ಕಿಂತ ಕೊನೆಗೆ. ಗಂಡ ಈಗ ಕೋಲಿಲ್ಲದೆ ನಡೆಯುತ್ತಾರೆ, ಬೆಳಗಿನ ಅಡುಗೆ ಅವರದೇ. ಅವರು ಚೇತರಿಸಿಕೊಂಡ ಮೇಲೆ ಡಾಕ್ಟರ್ ಅಕ್ಕನನ್ನು ಇಲ್ಲೇ ಕೆಲಸಕ್ಕೆ ಇಟ್ಟುಕೊಂಡರು. ಆರು ವರ್ಷವಾಯಿತು.

ಎಂಟು ಗಂಟೆಗೆ ಟೈಲರಮ್ಮ ಬರುತ್ತಾರೆ. ಬಲಗೈ ಸೋತು ಹನ್ನೊಂದು ವಾರ. ಜೀವಮಾನದಲ್ಲಿ ಸೈಕಲ್ ಕೂಡ ಓಡಿಸಿದವರಲ್ಲ. ತಿರುವಿನ ಗೆರೆಯೊಂದನ್ನು ಬಿಟ್ಟು ಉಳಿದ ನೆರವೆಲ್ಲ ಒಂದೊಂದಾಗಿ ಹೋಗಿದೆ. ಇಂದು ಸೀಟಿಗೆ ಕೂತವರೇ, "ಅಕ್ಕಾ, ಆ ಗೆರೆ ತೆಗೆದುಬಿಡಿ. ಅದನ್ನ ನೋಡ್ತಾ ರಸ್ತೆ ನೋಡೋದೇ ಮರೀತೀನಿ," ಎನ್ನುತ್ತಾರೆ.

ಅಕ್ಕ ಗುಂಡಿ ಒತ್ತುತ್ತಾರೆ. ಬರಿಯ ಬೂದು ರಸ್ತೆ. ಕಾರು ನಿಧಾನವಾಗಿ ಹೊರಡುತ್ತದೆ. ನಾಲ್ಕನೇ ತಿರುವಿನಲ್ಲಿ ಟೈಲರಮ್ಮನ ಬಲಗೈ ನಡುಗುತ್ತದೆ, ಆದರೆ ಸ್ಟೀರಿಂಗ್ ಬಿಡುವುದಿಲ್ಲ. ಕಾರು ಹುಲ್ಲು ಮುಟ್ಟದೆ ಸುತ್ತು ಮುಗಿಸುತ್ತದೆ. ನಿನ್ನೆಗಿಂತ ನಾಲ್ಕು ಸೆಕೆಂಡು ತಡ. ಟೈಲರಮ್ಮ ಬೆರಳು ಮಡಚಿ, ಬಿಡಿಸಿ, "ಕತ್ತರಿ ಹಿಡೀಬಹುದೇನೋ," ಎಂದವರು ಅಕ್ಕನ ಕೈಯನ್ನು ಅದೇ ಬಲಗೈಯಲ್ಲಿ ಹಿಡಿದು ಸುಮಾರು ಹೊತ್ತು ಬಿಡುವುದೇ ಇಲ್ಲ.

"ನಿಮಗೇನಾದರೂ ಬೇಕೆನಿಸುತ್ತದೆಯೇ?" ಎಂದು ಕೇಳಿದರೆ ಅಕ್ಕ ಸೀಟಿನತ್ತ ನೋಡುತ್ತಾರೆ. ತೀರಾ ತಗ್ಗಿನ ಸೀಟು ಅದು. ಗಾಲಿಕುರ್ಚಿಯಲ್ಲಿ ಬರುವವರನ್ನು ಇಬ್ಬರು ಎತ್ತಿ ಕೂರಿಸಬೇಕು.

"ಎತ್ತೋವಾಗ ಅವರು ಮುಖ ಆ ಕಡೆ ತಿರುಗಿಸ್ಕೋತಾರೆ. ನನಗೆ ಗೊತ್ತಾಗುತ್ತೆ. ಸೀಟಿಲ್ಲದ ಇನ್ನೊಂದು ಮೆಷಿನ್ ಸಿಕ್ರೆ ಸಾಕು. ಗಾಲಿಕುರ್ಚೀಲೇ ಅವರಾಗೇ ಬಂದು ಸ್ಟೀರಿಂಗ್ ಹಿಡೀಲಿ."