ರಾಣಿ ಮೊದಲು ಊಟಕ್ಕೆ ಕರೆದಳೇ?

"ನಮ್ಮ ರಾಣಿ ಅಳಲ್ಲ!"

ಕಳೆದ ವಾರ ಆಲ್ಕೊಳ ಸರ್ಕಲ್ ಹತ್ತಿರದ ಹೋಟೆಲೊಂದರಲ್ಲಿ ಮೇಜು ಕುಟ್ಟಿ ಹೀಗೆ ಕೂಗಿದವನು ನಾನೇ. ಎದುರಿಗಿದ್ದದ್ದು ಸೋಗಾನೆಯಲ್ಲಿ ವಿಮಾನ ಇಳಿದು ಬಂದ ಫ್ರೆಂಚ್ ಸಿನಿಮಾ ತಂಡ. ಕೆಳದಿಯ ರಾಣಿಯ ಮೇಲೆ ಸಿನಿಮಾ ಮಾಡುತ್ತಿದ್ದಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವನೆಂದು ನನ್ನನ್ನು ಸಲಹೆಗಾರನಾಗಿ ಹಿಡಿದಿದ್ದರು. (ನನ್ನ ಎಂ.ಎ.ಯನ್ನು ಯಾರಾದರೂ ಕೇಳಿದ್ದು ಇದೇ ಮೊದಲು.) ಪರದೆಯ ಮೇಲೆ ಹೆಸರು ಬೇರೆ ಬರುತ್ತದಂತೆ.

ಜಗಳ ಹತ್ತಿದ್ದು ಒಂದೇ ದೃಶ್ಯಕ್ಕೆ. ಮೊಗಲರ ಸೇನೆಯಿಂದ ತಪ್ಪಿಸಿಕೊಂಡ ಮರಾಠಾ ರಾಜಕುಮಾರ ಆಶ್ರಯ ಕೇಳಿ ಬಂದಿದ್ದಾನೆ. ಒಳಗೆ ಬಿಟ್ಟುಕೊಂಡರೆ ಯುದ್ಧ ಖಚಿತ. ಸ್ಕ್ರಿಪ್ಟಿನಲ್ಲಿ ರಾಣಿ ಒಬ್ಬಳೇ ಕೂತು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಆಮೇಲೆ ಬಾಗಿಲು ತೆಗೆಸುತ್ತಾಳೆ.

"ಅತ್ತಳು ಅನ್ನುವುದಕ್ಕೆ ಆಧಾರ ಏನು?" ಎಂದೆ.

"ಹಾಗಾದರೆ ನಡೆದದ್ದೇನು, ನೀವೇ ಹೇಳಿ," ಎಂದರು ನಿರ್ದೇಶಕಿ.

ನಾನು ತಡವರಿಸಲಿಲ್ಲ. "ಬಂದವನ ಹೆಸರನ್ನೂ ಕೇಳಲಿಲ್ಲ. 'ಮೊದಲು ಊಟ ಮಾಡಿ, ಆಮೇಲೆ ಮಾತು' ಅಂದಳು."

ಎಲ್ಲರೂ ಪೆನ್ನು ತೆಗೆದರು. ಬರೆದುಕೊಂಡರು. ಮರುದಿನ ಬೆಳಿಗ್ಗೆಯೇ ಶೂಟಿಂಗ್. "ಬಹಳ ಚೆನ್ನಾಗಿದೆ. ಯಾವ ಪುಸ್ತಕದಲ್ಲಿದೆ ಎಂದು ಸಂಜೆಯೊಳಗೆ ತಿಳಿಸಿ," ಎಂದರು ನಿರ್ದೇಶಕಿ.

ಅಲ್ಲಿಂದ ಶುರುವಾಯಿತು ಪರದಾಟ. ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಕೆಡವಿದೆ. ಇಲ್ಲ. ಕ್ಲಾಸಿನಲ್ಲಿ ಕೇಳಿದ್ದೇ? ನೆನಪಿಲ್ಲ. ಆದರೆ ಆ ಮಾತು ಕಿವಿಯಲ್ಲೇ ಇತ್ತು, ಹೆಣ್ಣಿನ ದನಿಯಲ್ಲಿ. ಯಾರ ದನಿ?

ತಲೆ ಕೆಟ್ಟು ಬೀದಿ ತುದಿಯ ಟೀ ಅಂಗಡಿಗೆ ಹೋದರೆ ಅಲ್ಲೂ ಅದೇ. "ಫಾರಿನ್‌ನೋರು ನಮ್ಮ ರಾಣಿನ ಹೆಂಗೆಂಗೋ ತೋರಿಸ್ತಾರಂತೆ. ಸುಮ್ನೆ ಬಿಡಬಾರ್ದು."

"ಹೆದರ್ಬೇಡ ಮಾರಾಯ. ನಮ್ಮ ಸಾರ್ ಅವ್ರ ಜೊತೆಗೇ ಇದಾರೆ. ತಪ್ಪಾಗಕ್ಕೆ ಬಿಡ್ತಾರಾ?" ಎಂದು ಇನ್ನೊಬ್ಬ ನನ್ನತ್ತ ಕೈ ತೋರಿಸಿದ.

ಅರ್ಧ ಟೀ ಅಲ್ಲೇ ಬಿಟ್ಟೆ. ಭದ್ರಾವತಿ ಬಸ್ಸು ಹತ್ತಿದೆ. ಅಪ್ಪ ಕಾರ್ಖಾನೆ ಕೆಲಸದಲ್ಲಿದ್ದಾಗ ನಾವು ಬೆಳೆದದ್ದು ಅಲ್ಲೇ, ಅಕ್ಕ ಈಗಲೂ ಇರುವುದು ಅಲ್ಲೇ. ಚಿಕ್ಕಂದಿನಲ್ಲಿ ಕೇಳಿದ್ದಾದರೆ ಅವಳಿಗೆ ನೆನಪಿರಬೇಕು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಅಕ್ಕ, ಕೆಳದಿ ರಾಣಿ 'ಮೊದಲು ಊಟ ಮಾಡಿ' ಅಂದಿದ್ದು ಯಾವ ಪುಸ್ತಕದಲ್ಲಿದೆ?"

ಅಕ್ಕ ನನ್ನ ಮುಖ ನೋಡಿ ನಕ್ಕಳು. "ಪುಸ್ತಕ ಎಲ್ಲಿಂದ ಬಂತೋ ಮಾರಾಯ? ಅದು ಅಂದಿದ್ದು ನಾನು!"

"ನೀನಾ?"

"ಸ್ಕೂಲ್ ಡೇ ನಾಟಕದಲ್ಲಿ ರಾಣಿ ನಾನೇ ಅಲ್ವೇನೋ? 'ಯಾರು ನೀನು, ಎಲ್ಲಿಂದ ಬಂದೆ' ಅಂತ ಉದ್ದ ಡೈಲಾಗ್ ಇತ್ತು. ಮರ್ತೇ ಹೋಯ್ತು. ಸೈಡಿಂದ ಮೇಷ್ಟ್ರು ಕಣ್ಣು ಬಿಡ್ತಿದಾರೆ. ಬಾಯಿಗೆ ಬಂದಿದ್ದು ಅಮ್ಮನ ಮಾತು."

ಹೌದು, ಅಮ್ಮನ ಮಾತು. ಬಾಗಿಲಿಗೆ ಬಂದವರು ಜಂಗಮರಿರಲಿ, ಮೀಟರ್ ನೋಡುವವರಿರಲಿ, ಉಣ್ಣುವ ಮೊದಲು ಹೆಸರು, ಕೆಲಸ ಕೇಳಬಾರದು. ಶಿವನೇ ಬಂದಿರಬಹುದು ಎಂಬುದು ಅಮ್ಮನ ವಾದ.

"ರಾಜಕುಮಾರ ಆಗಿದ್ದ ತಮಿಳು ಹುಡುಗ ಗಾಬರಿಯಾಗಿ 'ಊಟ ಆಯ್ತು ಅಕ್ಕ' ಅಂದ್ಬಿಟ್ಟ ಕಣೋ!" ಅಕ್ಕನ ನಗು ನಿಲ್ಲಲಿಲ್ಲ.

ನನಗೆ ನಗು ಬರಲಿಲ್ಲ. ಶಾಲೆಯ ನಾಟಕವೊಂದು ಎಂ.ಎ.ಯನ್ನೂ ದಾಟಿ ಬಂದು ತಲೆಯಲ್ಲಿ ಇತಿಹಾಸವಾಗಿ ಕುಳಿತಿತ್ತಲ್ಲ! ಹೀಗೆ ಇನ್ನೇನೇನು ಕುಳಿತಿದೆಯೋ?

ಸುಮ್ಮನಿದ್ದುಬಿಡಲೇ? ದೃಶ್ಯ ಚೆಂದವಿದೆ. ಟೀ ಅಂಗಡಿಯವರೂ ಮೆಚ್ಚುತ್ತಾರೆ. ಫೋನ್ ತೆಗೆದೆ, ಜೇಬಿಗೆ ಹಾಕಿದೆ, ಮತ್ತೆ ತೆಗೆದೆ. ಕೊನೆಗೆ ನಿರ್ದೇಶಕಿಗೆ ಮಾಡಿದೆ.

"ಆ ಮಾತಿಗೆ ಆಧಾರ ಇಲ್ಲ. ಅದು ನಮ್ಮಕ್ಕನದು," ಎಂದು ಎಲ್ಲವನ್ನೂ ಹೇಳಿದೆ.

ನಿರ್ದೇಶಕಿ ಕೇಳಿದರು: "ಹಾಗಾದರೆ ರಾಣಿ ನಿಜಕ್ಕೂ ಏನಂದಳು?"

"ಗೊತ್ತಿಲ್ಲ."

"ಅಳಲಿಲ್ಲ ಅನ್ನುವುದು ಗೊತ್ತೇ?"

"ಅದೂ... ಗೊತ್ತಿಲ್ಲ."

"ಊಟದ ಸೀನ್ ಇರ್ಲಿ ಅನ್ನೋ!" ಅಕ್ಕ ಮೊಣಕೈಯಲ್ಲಿ ತಿವಿದಳು.

ಬೆಳಿಗ್ಗೆ ಶೂಟಿಂಗಿಗೆ ಅಳುಕುತ್ತಲೇ ಹೋದೆ. ಅಳುವೂ ಇರಲಿಲ್ಲ, ಊಟವೂ ಇರಲಿಲ್ಲ. ರಾಣಿ ಬಂದವನನ್ನು ನೋಡುತ್ತಾಳೆ. ಬಾಗಿಲು ತೆಗೆಯಿರೆಂದು ಕಾವಲಿನವರಿಗೆ ಕೈಸನ್ನೆ ಮಾಡುತ್ತಾಳೆ. ಒಂದೂ ಮಾತಿಲ್ಲ.

"ನಮಗೆ ಗೊತ್ತಿರುವುದು ಇಷ್ಟೇ ಅಲ್ಲವೇ?" ಎಂದರು ನಿರ್ದೇಶಕಿ.

ಹೊರಗಿನವರು ನಮ್ಮ ರಾಣಿಯ ಬಾಯಿಗೆ ಇಲ್ಲದ ಮಾತು ತುರುಕುತ್ತಾರೆಂದು ಹೆದರಿದ್ದೆವಲ್ಲ, ತುರುಕಿದ್ದು ಯಾರು?