ಹೆಸರು ಬರೆದಿಟ್ಟ ಮೊಟ್ಟೆ

ಆರ್ವಿಲ್ ಟ್ಯಾಕೆಟ್‌ನನ್ನು ಹಟಮಾರಿ ಎಂದು ಬೈದವರು ಯಾರೂ ಅವನ ಅಮ್ಮನ ಕಥೆ ಕೇಳಿದವರಲ್ಲ. ಕೆಂಟಕಿಯ ಒಂದು ಕಲ್ಲಿದ್ದಲು ಗಣಿಯೂರಿನಲ್ಲಿ ಆಕೆ ಗಣಿಯಾಳುಗಳಿಗೆ ಊಟದ ಮನೆ ನಡೆಸುತ್ತಿದ್ದಳು. ಗಣಿಗೆ ಇಳಿದವನು ಸಂಜೆ ಊಟಕ್ಕೆ ಬರದಿದ್ದರೆ ಅವನ ತಟ್ಟೆಯನ್ನು ಮೇಜಿನಿಂದ ಎತ್ತುತ್ತಿರಲಿಲ್ಲ. ಹೆಣ ಕಣ್ಣಾರೆ ಕಂಡವರು ಬಂದು ಹೇಳಬೇಕು, ತಟ್ಟೆಯನ್ನೂ ಅವರೇ ಎತ್ತಬೇಕು. ಅಲ್ಲಿಯವರೆಗೆ ಗಣಿಯ ಮಾಲೀಕನೇ ಬಂದು ಕೂಗಾಡಿದರೂ ಅಷ್ಟೇ. ಆರ್ವಿಲ್‌ನ ಅಪ್ಪನ ತಟ್ಟೆ ಒಂದು ಚಳಿಗಾಲ ಪೂರ್ತಿ ಮೇಜಿನ ಮೇಲೇ ಇತ್ತಂತೆ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದವನು ನಮ್ಮ ಕ್ಯಾಪ್ಟನ್ ಪ್ರೆಂಟಿಸ್‌ಗೆ ಹೆದರುತ್ತಾನೆಯೇ?

ನಾನು ಅಡುಗೆಮನೆಯ ಸಾರ್ಜೆಂಟ್ ಆರ್ವಿಲ್‌ನ ಕೈಕೆಳಗೆ ಅಡುಗೆ ಮಾಡಿದವನು. ನನ್ನೂರು ಚಿಕಾಗೊ, ಬಾಯಿ ಜೋರು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಬೀಟ್‌ಗೆಡ್ಡೆ ಹೊಲಗಳ ನಡುವೆ ನಮ್ಮ ಬಾಂಬರ್ ವಿಮಾನಗಳ ನೆಲೆ ಇತ್ತು. ಜರ್ಮನ್ನರ ಕಾರ್ಖಾನೆಗಳ ಮೇಲೆ, ಅವರ ವಿಮಾನ ನಿಲ್ದಾಣಗಳ ಮೇಲೆ ಬಾಂಬು ಹಾಕಿ ಬರುವುದು ಹುಡುಗರ ಕೆಲಸ. ಅವರು ಹೊರಡುವ ಮೊದಲು ಹೊಟ್ಟೆ ತುಂಬಿಸುವುದು ನಮ್ಮ ಕೆಲಸ.

ಅಲ್ಲೊಂದು ಪದ್ಧತಿ. ಬಾಕಿ ದಿನ ಎಲ್ಲರಿಗೂ ಪುಡಿ ಮೊಟ್ಟೆ. ನೀರು ಹಾಕಿ ಕಲಸಿ ಬೇಯಿಸಿದರೆ ಒದ್ದೆ ರಟ್ಟು ತಿಂದ ಹಾಗೆ. ಹಾರುವ ದಿನ ಮಾತ್ರ, ಹಾರುವವರಿಗೆ ಮಾತ್ರ, ಚಿಪ್ಪು ಒಡೆದು ಹುರಿದ ನಿಜವಾದ ಮೊಟ್ಟೆ. ಯಾವ ಪುಣ್ಯಾತ್ಮನಿಗೆ ಹೊಳೆದ ಬುದ್ಧಿಯೋ! ಕಡಿಯುವ ಕುರಿಗೆ ಹಸಿ ಸೊಪ್ಪು ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಬೆಳಗಿನ ಜಾವ ತಟ್ಟೆಯಲ್ಲಿ ಮೊಟ್ಟೆಯ ಹಳದಿ ಕಂಡ ಕೂಡಲೇ ಹುಡುಗರ ಮುಖ ಬಿಳಿಚಿಕೊಳ್ಳುತ್ತಿತ್ತು.

ಎಮಿಲ್ ಕೊವಾರಿಕ್ ನೆಬ್ರಾಸ್ಕಾದ ರೈತನ ಮಗ. ವಿಮಾನದ ಬಾಲದಲ್ಲಿ ಮಂಡಿಯೂರಿ ಕುಳಿತು ಮೆಷಿನ್‌ಗನ್ ಹಾರಿಸುವವನು. ಸಾವಿರದ ಒಂಬೈನೂರ ನಲವತ್ತನಾಲ್ಕರ ಜನವರಿಯಲ್ಲಿ ಅವನು ಬೆಳಗಿನ ಊಟವನ್ನೇ ಬಿಟ್ಟ. ಖಾಲಿ ಹೊಟ್ಟೆಯಲ್ಲಿ ಆ ಎತ್ತರಕ್ಕೆ, ಆ ಚಳಿಗೆ ಹೋಗಿ ಒಮ್ಮೆ ತಲೆಸುತ್ತಿ ಬಂದೂಕಿನ ಮೇಲೇ ಒರಗಿದ್ದನಂತೆ. ಬಾಲದವನು ಕಣ್ಣು ಮುಚ್ಚಿದರೆ ಹಿಂದಿನಿಂದ ಬರುವ ಶತ್ರುವನ್ನು ನೋಡುವವರಿಲ್ಲ. ವಿಮಾನದಲ್ಲಿರುವ ಹತ್ತೂ ಜನರ ಕಥೆ ಮುಗಿದಂತೆಯೇ.

"ತಿನ್ನೋ," ಅಂದ ಆರ್ವಿಲ್.

"ಬೇಡ ಸಾರ್ಜೆಂಟ್. ಇದು ಸಾಯೋರಿಗೆ ಹಾಕೋ ಊಟ. ಬದುಕಿ ಬಂದೋರಿಗೆ ಮತ್ತೆ ಪುಡೀನೇ ತಾನೆ?"

ಮುಂದಿನ ಸಲ ಆರ್ವಿಲ್ ಜೇಬಿನಿಂದ ಒಂದು ಮೊಟ್ಟೆ ತೆಗೆದು, ಕೊವಾರಿಕ್‌ನ ಎದುರಿಗೇ ಪೆನ್ಸಿಲ್‌ನಿಂದ ಚಿಪ್ಪಿನ ಮೇಲೆ ಅವನ ಹೆಸರು ಬರೆದ.

"ನೋಡು, ಇದು ಸಂಜೆಗೆ. ನೀನು ಬರೋವರ್ಗೂ ಯಾವ ಜನರಲ್ ಬಂದು ಕೇಳಿದ್ರೂ ಕೊಡಲ್ಲ. ಈಗ ಬ್ರೆಡ್ ಆದ್ರೂ ತಿನ್ನು."

"ಬರದೇ ಹೋದ್ರೆ?"

"ಥೂ, ಬಿಡ್ತು ಅನ್ನು! ಊಟ ಇಲ್ಲಿಟ್ಟು ನೀನು ಎಲ್ಲಿಗೋ ಹೋಗ್ತೀಯ?"

ಕೊವಾರಿಕ್ ನಕ್ಕ. ಬ್ರೆಡ್ ತಿಂದ, ಹೋದ, ಸಂಜೆ ಬಂದು ತನ್ನ ಮೊಟ್ಟೆ ಕೇಳಿ ತಿಂದ. ಮಾರನೆಯ ದಿನವೇ ಅವನ ವಿಮಾನದ ಉಳಿದ ಒಂಬತ್ತು ಜನ ನಮ್ಮ ಬಾಗಿಲಲ್ಲಿ. "ನಾವೇನು ಮಲತಾಯಿ ಮಕ್ಕಳಾ?" ಅಂತ ಜಗಳ. ಸರಿ, ಹತ್ತು ಮೊಟ್ಟೆ, ಹತ್ತು ಹೆಸರು, ಒಲೆಯ ಪಕ್ಕದ ಹಲಗೆಯ ಮೇಲೆ ಒಂದು ತಟ್ಟೆಯಲ್ಲಿ.

ಆ ಮೊಟ್ಟೆಗಳು ಸೈನ್ಯದವಲ್ಲ, ಗೊತ್ತಿರಲಿ. ಬೇಲಿಯಾಚೆ ಮಿಸೆಸ್ ಥರ್ಟಲ್ ಎಂಬ ವಿಧವೆಯ ಹೊಲಮನೆ. ನಮ್ಮ ಅಡುಗೆಮನೆಯ ಮುಸುರೆ ಅವಳ ಹಂದಿಗಳಿಗೆ, ಅವಳ ಕೋಳಿಗಳ ಮೊಟ್ಟೆ ನಮಗೆ. ಯಾರಿಗೂ ಯಾರ ಹಂಗೂ ಇರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಫ್ರಾನ್ಸಿನಲ್ಲಿ ಜರ್ಮನ್ನರು ಹಿಡಿದಿಟ್ಟುಕೊಂಡಿದ್ದ ವಿಮಾನ ನಿಲ್ದಾಣದ ಮೇಲೆ ದಾಳಿಗೆ ಹೋದರು. ಮಧ್ಯಾಹ್ನ ಒಂದೊಂದೇ ವಿಮಾನ ಇಳಿಯಿತು. ಕೊವಾರಿಕ್‌ನದು ಇಳಿಯಲಿಲ್ಲ. ಆಕಾಶ ಕಪ್ಪಾಗುವವರೆಗೆ ಆರ್ವಿಲ್ ಏಪ್ರನ್ ಬಿಚ್ಚದೆ ಹೊರಗೇ ನಿಂತಿದ್ದ. ಮರುದಿನ ಆ ಹತ್ತು ಜನರ ಹಾಸಿಗೆ, ಪೆಟ್ಟಿಗೆ ಎಲ್ಲ ಲಾರಿ ಹತ್ತಿದವು. ಉಳಿದದ್ದು ಹಲಗೆಯ ಮೇಲಿನ ಮೊಟ್ಟೆ ಮಾತ್ರ.

ಅಡುಗೆಮನೆಯ ಉಸ್ತುವಾರಿ ಕ್ಯಾಪ್ಟನ್ ಪ್ರೆಂಟಿಸ್‌ನದು. ಯುದ್ಧಕ್ಕೆ ಮುಂಚೆ ದೊಡ್ಡ ಹೋಟೆಲಿನ ಮ್ಯಾನೇಜರ್ ಆಗಿದ್ದ ಮನುಷ್ಯ. ಬೆರಳಾಡಿಸಿ ಧೂಳು ಹುಡುಕುವ ಜಾತಿ.

"ಅದೇನು ಅಲ್ಲಿ?"

"ಮೊಟ್ಟೆ, ಸಾರ್."

"ಕಣ್ಣಿದೆ ನನಗೆ. ಯಾರದು?"

"ಹೆಸರು ಬರೆದಿದೆ, ಸಾರ್."

ಕ್ಯಾಪ್ಟನ್ ಓದಿದ. ದನಿ ತಗ್ಗಿಸಿದ. "ಇವರು ಬರಲ್ಲ, ಟ್ಯಾಕೆಟ್. ಹೊಸ ಹುಡುಗರು ಬರ್ತಾರೆ. ಸತ್ತೋರ ಹೆಸರು ಓದ್ಕೊಂಡು ಊಟ ಮಾಡಿದ್ರೆ ಅವರ ಧೈರ್ಯ ಉಳಿಯುತ್ತಾ? ಒಡೆದು ಬಾಣಲೆಗೆ ಹಾಕು."

ಆ ಮಾತಿನಲ್ಲಿ ನ್ಯಾಯ ಇರಲಿಲ್ಲ ಎನ್ನಲಾರೆ. ನನ್ನ ಹೊಟ್ಟೆ ಉರಿಸಿದ್ದೂ ಅದೇ.

"ಸತ್ತಿದ್ದನ್ನ ನೀವು ನೋಡಿದ್ರಾ, ಸಾರ್?" ಅಂದ ಆರ್ವಿಲ್.

"ಏನಂದೆ?"

"ನೋಡಿದೋರು ಬರ್ಲಿ, ಅವರ ಕೈಯಿಂದ್ಲೇ ಒಡೆಸ್ತೀನಿ. ಅಲ್ಲೀವರ್ಗೂ ಇವು ಬದುಕಿರೋರ ಮೊಟ್ಟೆ."

"ತೋಳಿನ ಪಟ್ಟಿ ಕಿತ್ತುಹಾಕಿಸ್ತೀನಿ!"

"ಕೀಳ್ಸಿ, ಸಾರ್. ಪಟ್ಟಿ ಇಲ್ದಿದ್ರೂ ಸೂಪಿಗೆ ಉಪ್ಪು ಹಾಕೋಕೆ ಬರುತ್ತೆ ನಂಗೆ."

ಕಿತ್ತೇಬಿಟ್ಟರು. ಸಾರ್ಜೆಂಟ್ ಆಗಿದ್ದವನು ಆಲೂಗಡ್ಡೆ ಸುಲಿಯಲು ಕುಳಿತ. ನಾಳೆ ಬೆಳಗ್ಗೆ ತಾನೇ ನಿಂತು ಒಡೆಸುತ್ತೇನೆ ಎಂದು ಹೇಳಿ ಕ್ಯಾಪ್ಟನ್ ಹೋದ. ಅವನ ಬೆನ್ನು ಮರೆಯಾಗಿದ್ದೇ ತಡ, ಆರ್ವಿಲ್ ಮೊಟ್ಟೆಗಳನ್ನು ಟವೆಲಿನಲ್ಲಿ ಸುತ್ತಿ ಬೇಲಿ ದಾಟಿದ. ಮುಸುರೆ ಬಕೆಟ್ ಹೊತ್ತು ನಾನು ಹಿಂದೆ.

ಮಿಸೆಸ್ ಥರ್ಟಲ್ ಹೆಸರುಗಳನ್ನು ನೋಡಿದಳು, ನಮ್ಮ ಮುಖ ನೋಡಿದಳು. "ಸುಮ್ನೆ ಇಟ್ಟರೆ ಕೊಳೆಯುತ್ತಲ್ಲಪ್ಪಾ," ಅಂದಳು. ಸ್ವಲ್ಪ ಯೋಚಿಸಿ, "ನನ್ನ ಕಂದು ಹೇಂಟೆಗೆ ತಲೆ ಕೆಟ್ಟಿದೆ. ಇಂಥ ಚಳೀಲಿ ಕಾವಿಗೆ ಕೂತಿದೆ. ಕೊಡಿ ಇಲ್ಲಿ."

ಬೆಳಗ್ಗೆ ಕ್ಯಾಪ್ಟನ್ ಬಂದಾಗ ಹಲಗೆಯ ಮೇಲೆ ಹತ್ತು ಖಾಲಿ ತಟ್ಟೆ ಸಾಲಾಗಿದ್ದವು.

"ಮೊಟ್ಟೆ ಎಲ್ಲಿ?"

"ತಾಯಿ ಹತ್ರ ವಾಪಸ್ ಹೋದವು, ಸಾರ್."

ಕ್ಯಾಪ್ಟನ್ ತಟ್ಟೆಗಳನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಎಸೆಸಿದ. ಮರುದಿನ ಹತ್ತು ತಟ್ಟೆ ಮತ್ತೆ ಅಲ್ಲೇ. ಮತ್ತೆ ಎಸೆಸಿದ, ಮತ್ತೆ ಬಂದವು. ಕೊನೆಗೆ ಅವನೇ ಸೋತು ಆ ಕಡೆ ನೋಡುವುದನ್ನು ಬಿಟ್ಟ.

ಮೂರು ವಾರ ಕಳೆದು ಮೊಟ್ಟೆಗಳಲ್ಲಿ ಕೆಲವು ಮರಿಯಾದವು, ಕೆಲವು ಆಗಲಿಲ್ಲ. ಮಿಸೆಸ್ ಥರ್ಟಲ್ ಒಡೆಯದ ಒಂದನ್ನು ಕೈಗೆತ್ತಿಕೊಂಡು, "ಇದು ಯಾರದಪ್ಪಾ ಅಂದ್ರೆ..." ಎಂದು ಹೆಸರು ಓದಲು ಹೊರಟಳು.

"ಓದ್ಬೇಡಿ!" ಎಂದು ಆರ್ವಿಲ್ ಕಿರುಚಿದ. "ನೀವೂ ನೋಡ್ಬೇಡಿ, ನಂಗೂ ಹೇಳ್ಬೇಡಿ. ಮಣ್ಣಲ್ಲಿ ಮುಚ್ಚಿಬಿಡಿ. ಹುಟ್ಟಿರೋ ಮರಿಗಳು ಹತ್ತೂ ಜನರವು."

ಆಕೆ ಮುಖ ಆಚೆ ತಿರುಗಿಸಿಕೊಂಡೇ ಮೊಟ್ಟೆ, ಚಿಪ್ಪು ಎಲ್ಲವನ್ನೂ ಏಪ್ರನ್‌ನಲ್ಲಿ ಬಾಚಿಕೊಂಡು ಒಯ್ದಳು. ಅಳುವ ಬದಲು ನಾನು ವಾಪಸ್ ದಾರಿಯುದ್ದಕ್ಕೂ ಹಿಟ್ಲರನ ವಂಶವನ್ನೆಲ್ಲ ಬೈದೆ.

ಸೆಪ್ಟೆಂಬರ್. ನಮ್ಮ ಸೈನ್ಯ ಫ್ರಾನ್ಸಿನೊಳಗೆ ನುಗ್ಗಿ ಆಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಬಡಕಲ ಬಂದು ನಿಂತ. ಏಳು ತಿಂಗಳು ಅವನನ್ನು ಬಚ್ಚಿಟ್ಟಿದ್ದ ಯಾರೋ ಫ್ರೆಂಚ್ ರೈತನ ದೊಗಲೆ ಕೋಟು, ಕೆನ್ನೆ ಒಳಗೆ ಹೋಗಿತ್ತು.

"ಸಾರ್ಜೆಂಟ್, ನನ್ನ ಮೊಟ್ಟೆ ಎಲ್ಲಿ?"

ಆರ್ವಿಲ್‌ನ ಕೈಯಿಂದ ಆಲೂಗಡ್ಡೆ ಉರುಳಿತು. ಎದ್ದು ಹೋಗಿ ಕೊವಾರಿಕ್‌ನ ಎರಡೂ ಕಿವಿ ಹಿಡಿದು ಅಲ್ಲಾಡಿಸಿದ.

"ಸಾರ್ಜೆಂಟ್ ಅಂತೆ! ನಿನ್ನ ದೆಸೆಯಿಂದ ಪಟ್ಟಿ ಹೋಯ್ತು ಕಣೋ, ಕತ್ತೆ! ಕೂತ್ಕೋ. ನಿನ್ನ ಮೊಟ್ಟೆ ಈಗ ತಾನೇ ಮೊಟ್ಟೆ ಇಡ್ತಿದೆ!"

ನಾನು ಬೇಲಿ ಹಾರಿ ಓಡಿದೆ. ಆ ಮರಿಗಳಲ್ಲೊಂದು ದೊಡ್ಡದಾಗಿ ಅದೇ ವಾರ ಮೊಟ್ಟೆ ಇಡಲು ಶುರು ಮಾಡಿತ್ತು. ನಾನು ತಂದ ಮೊಟ್ಟೆಯನ್ನು ಆರ್ವಿಲ್ ಬೆಣ್ಣೆಯಲ್ಲಿ ಹುರಿದು, ಹಲಗೆಯಿಂದ ಒಂದು ತಟ್ಟೆ ತೆಗೆದು ಬಡಿಸಿದ. ಕೊವಾರಿಕ್ ಬ್ರೆಡ್ಡಿನಿಂದ ತಟ್ಟೆ ಒರೆಸಿ ಒರೆಸಿ ತಿಂದ. ಆಮೇಲೆ ತಲೆ ಎತ್ತಿ ಹಲಗೆ ನೋಡಿದ.

"ಅವು?"

"ನಿನ್ನೋರವು. ಹೆಣ ಕಂಡೋರು ಬಂದು ಎತ್ತೋವರ್ಗೂ ಇರುತ್ತೆ. ನಮ್ಮಮ್ಮನ ಪದ್ಧತಿ."

ಕೊವಾರಿಕ್ ಎದ್ದ. "ಪೈಲಟ್, ರೇಡಿಯೋ ಹುಡುಗ. ವಿಮಾನ ಹೊಲಕ್ಕೆ ಬಿದ್ದಾಗ ಒಳಗಿದ್ದಿದ್ದು ನಾವು ಮೂರೇ ಜನ, ಇಬ್ರನ್ನೂ ಹೊರಗೆ ಎಳೆದಿದ್ದು ನಾನೇ. ಕಣ್ಣು ಮುಚ್ಚಿಸಿದ್ದೂ ನಾನೇ."

"ಹಾಗಾದ್ರೆ ನೀನೇ ಎತ್ತಬೇಕು, ಮಗಾ."

ಎರಡು ತಟ್ಟೆಗಳನ್ನು ಎದೆಗೆ ಒತ್ತಿಕೊಂಡು ತೊಟ್ಟಿಯವರೆಗೆ ಒಯ್ದ. ತಾನೇ ತೊಳೆದ. ನಾವು ಯಾರೂ ಹತ್ತಿರ ಹೋಗಲಿಲ್ಲ.

ಸುದ್ದಿ ಕೇಳಿ ಬಂದ ಕ್ಯಾಪ್ಟನ್ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ. ಮೆಲ್ಲಗೆ ಒಳಗೆ ಬಂದು, "ಇನ್ನು ಸಾಕು, ಟ್ಯಾಕೆಟ್. ಉಳಿದವನ್ನೂ ತೆಗಿಯೋಣ," ಎಂದು ಹಲಗೆಯ ಕಡೆ ಕೈ ಚಾಚಿದ.

ಆರ್ವಿಲ್ ಬಾಯಿ ತೆರೆಯುವ ಮೊದಲೇ ಕೊವಾರಿಕ್ ಒದ್ದೆ ಕೈಯಲ್ಲೇ ಬಂದು ಅಡ್ಡ ನಿಂತ.

"ಮುಟ್ಬೇಡಿ, ಸಾರ್. ಆ ಏಳು ಜನ ಪ್ಯಾರಾಚೂಟ್ ಕಟ್ಕೊಂಡು ಹಾರಿದ್ದನ್ನ ನಾನು ನೋಡಿದ್ದೀನಿ. ಸತ್ತಿದ್ದನ್ನ ನೋಡಿಲ್ಲ."

ಕ್ಯಾಪ್ಟನ್ ಕೈ ಹಿಂದಕ್ಕೆ ತೆಗೆದುಕೊಂಡ. ಏಳು ತಟ್ಟೆ ಅಲ್ಲೇ ಉಳಿದವು.