ಒತ್ತಕ್ಷರ ತಪ್ಪಿದ ಸಹಿ

ಓಣಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು ಮಾಡಿಕೊಡುವುದು ಅವಳ ಕಸುಬು. ಮಹಡಿಯ ಹಿಂದಿನ ಕೋಣೆ, ಒಂದು ಮೇಜು, ಕಿಟಕಿಯ ಸರಳಿನ ಮೇಲೆಲ್ಲ ಬಿಳಿ ಪುಡಿ. ಹಲ್ಲು ಸುಡುವ ಕುಲುಮೆ ಹಳತಾಗಿ ಕೈಕೊಟ್ಟಾಗ ಹೊಸದಕ್ಕೆ ಸಾಲ ಕೇಳಲು ಬ್ಯಾಂಕಿಗೆ ಹೋದಳು. ನಿಮ್ಮ ಕ್ರೆಡಿಟ್ ವರದಿಯಲ್ಲಿ ಬೈಕಿನದೊಂದು, ಟಿವಿಯದೊಂದು ಸಾಲ ಬಾಕಿಯಿದೆ, ಅವು ತೀರದೆ ಇಲ್ಲಿ ಸಾಲ ಹುಟ್ಟದು ಎಂದರು. ಬೈಕಿನ ಹಿಂದೆ ಕೂರುವುದಕ್ಕೂ ಹೆದರುವವಳು ಅವಳು.

ವರದಿಯ ಪ್ರತಿ ತರಿಸಿ ಓದಿದಳು. ಎರಡೂ ಸಾಲಕ್ಕಿದ್ದ ವಿಳಾಸ, ಆರು ವರ್ಷದ ಹಿಂದೆ ಅವಳು ಬಿಟ್ಟು ಬಂದ ಗಂಡನ ಮನೆಯದು. ಸಿಟ್ಟು ಬರಬೇಕಿತ್ತು, ಬಂದದ್ದು ಹೇಸಿಗೆ. ಕದಿಯುವುದಕ್ಕೂ ಒಂದು ಯೋಗ್ಯತೆ ಬೇಕು. ಇವನೋ, ಕದ್ದ ಮಾಲಿನ ಮೇಲೆ ತನ್ನ ಮನೆ ನಂಬರು ಬರೆದಿಟ್ಟಿದ್ದ.

ಸಾಲ ತನ್ನದಲ್ಲವೆಂದು ವರದಿ ತಯಾರಿಸುವ ಕಂಪನಿಗೆ ತಕರಾರು ಬರೆದಳು. ತಿಂಗಳಾದ ಮೇಲೆ ಒಂದೇ ಸಾಲಿನ ಉತ್ತರ ಬಂತು: ಸಾಲ ಕೊಟ್ಟವರನ್ನು ವಿಚಾರಿಸಿದ್ದೇವೆ, ಎಲ್ಲ ಸರಿಯಾಗಿದೆ. ಕಳ್ಳ ಒಳ್ಳೆಯವನೇ ಎಂದು ಕಳ್ಳನ ತಮ್ಮನನ್ನು ಕೇಳಿದ ಹಾಗೆ.

ಎರಡೂ ಸಾಲ ಕೊಟ್ಟಿದ್ದ ಫೈನಾನ್ಸ್ ಕಚೇರಿಗೆ ತಾನೇ ಹೋದಳು. ಟೈ ಕಟ್ಟಿದ ಗುಮಾಸ್ತ ಫೋನಿನಿಂದ ಕಣ್ಣೆತ್ತದೆ, ಗಂಡ ಹೆಂಡಿರ ಜಗಳ ಮನೆಯಲ್ಲೇ ಮುಗಿಸಿಕೊಳ್ಳಿ ಎಂದು ಬುದ್ಧಿ ಹೇಳಿದ. ಅವಳು ಮೂಲ ಅರ್ಜಿ ತೋರಿಸಿ ಎಂದವಳೇ ಬೆಂಚಿನ ಮೇಲೆ ಕೂತುಬಿಟ್ಟಳು. ಊಟದ ಹೊತ್ತು ಕಳೆದ ಮೇಲೆ ಕಡತ ಬಂತು. ಎರಡೂ ಅರ್ಜಿಯಲ್ಲಿ ಸಹಿ ಅವಳ ಹೆಸರಿನದೇ. ಒತ್ತಕ್ಷರ ಮಾತ್ರ ಬೇರೆ ಯಾವುದೋ ಅಕ್ಷರದ ಕೆಳಗೆ ಜೋತುಬಿದ್ದಿತ್ತು. ಹನ್ನೊಂದು ವರ್ಷ ಸಂಸಾರ ಮಾಡಿದ ಮಹಾನುಭಾವನಿಗೆ ಹೆಂಡತಿಯ ಹೆಸರು ಬರೆಯಲು ಬರುತ್ತಿರಲಿಲ್ಲ.

ಅವಳು ತನ್ನ ಗುರುತಿನ ಚೀಟಿಯನ್ನು ಪಕ್ಕದಲ್ಲಿಟ್ಟಳು. "ನನ್ನ ಹೆಸರು ನನಗೇ ಬರೆಯೋಕೆ ಬರಲ್ಲ ಅಂತೀರಾ?"

ಗುಮಾಸ್ತ ಆಗ ಫೋನು ಕೆಳಗಿಟ್ಟ.

ಪೊಲೀಸರಿಗೆ ದೂರು ಕೊಟ್ಟು, ಆ ಅರ್ಜಿಗಳ ನಕಲಿಗೆ ದೂರಿನ ಪ್ರತಿಯನ್ನೂ ಸೇರಿಸಿ ಮತ್ತೆ ತಕರಾರು ಕಳಿಸಿದಳು. ಸುದ್ದಿ ಕೇಳಿ ನಾದಿನಿ ಓಡಿಬಂದು, ಅತ್ತಿಗೆ, ಕಂತು ನೀವೇ ಕಟ್ಟಿಬಿಟ್ಟರೆ ಮನೆತನದ ಮರ್ಯಾದೆ ಉಳಿಯುತ್ತದೆ ಎಂದು ಗೋಗರೆದಳು. ಇದ್ದರೆ ತಾನೆ ಉಳಿಯುವುದು ಎಂದು ಹೇಳಿ ಹಲ್ಲಕ್ಕ ತನ್ನ ಕೆಲಸಕ್ಕೆ ತಿರುಗಿದಳು.

ಎರಡು ತಿಂಗಳಲ್ಲಿ ಎರಡೂ ಸಾಲ ವರದಿಯಿಂದ ಅಳಿಸಿಹೋದವು. ಹೊಸ ಕುಲುಮೆ ಬಂತು. ವಸೂಲಿಯವರು ತನ್ನ ಮನೆ ಬಾಗಿಲು ಬಡಿದ ದಿನ ಗಂಡ ಫೋನು ಮಾಡಿದ.

"ಅರ್ಧ ನೀನು ಹಾಕು. ಎಷ್ಟಾದ್ರೂ ಗಂಡ ಹೆಂಡ್ತಿ ಅಲ್ವಾ?"

"ಉಪ್ಪು ತಿಂದವರು ನೀರು ಕುಡೀಬೇಕು. ಬೈಕ್ ಮಾರ್ಕೋ."

ಅಷ್ಟು ಹೇಳಿ ಇಟ್ಟಳು. ಸಂಜೆಯೊಳಗೆ ಯಾರೋ ಅಜ್ಜಿಗೆ ಮುಂದಿನ ನಾಲ್ಕು ಹಲ್ಲು ಆಗಬೇಕಿತ್ತು.